ಮೊದಲು ಯಾರಿಗೆ ಪಾಠ?

ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪಾಠ ಶುರು ಮಾಡಬೇಕು ಎನ್ನುವವರು ಮೊದಲು ಕೊಳ್ಳುವುದು ಕ್ಯಾಮೆರಾ, ಮೈಕು. ನನ್ನನ್ನು ಕೇಳಿದರೆ, ಮೊದಲು ಹುಡುಕಬೇಕಾದ್ದು ವಿದ್ಯಾರ್ಥಿಯನ್ನು. 2021ರ ಜುಲೈನಲ್ಲಿ ಚೀನಾ ಸರ್ಕಾರ, ವಿದೇಶದಲ್ಲಿ ಕೂತವರು ತನ್ನ ದೇಶದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವುದನ್ನು ನಿರ್ಬಂಧಿಸಿತು. ಅಲ್ಲಿನ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದ ಆನ್‌ಲೈನ್ ಕಂಪನಿಗಳನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಶಿಕ್ಷಕರ ಕೆಲಸ ಹೋಯಿತು. ವಿದ್ಯಾರ್ಥಿಗಳ ಪಟ್ಟಿಯೆಲ್ಲ ಕಂಪನಿಯ ಕೈಯಲ್ಲೇ ಇತ್ತು ನೋಡಿ.

ಸ್ವಂತವಾಗಿ ಶುರು ಮಾಡುವವರು ಗಡಿಯಾರವನ್ನೂ ನೋಡಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಟೋಕಿಯೊದ ಉದ್ಯೋಗಿ ರಾತ್ರಿ ಎಂಟಕ್ಕೆ ಪಾಠಕ್ಕೆ ಕೂತಾಗ ಧಾರವಾಡದಲ್ಲಿ ಸಂಜೆ ನಾಲ್ಕೂವರೆ, ಚಹಾದ ಹೊತ್ತು. ಆ ಉದ್ಯೋಗಿಯ ತಲೆಯಲ್ಲಿ ಇರುವುದು ನಾಳಿನ ಸಂದರ್ಶನ; ವ್ಯಾಕರಣ ಆಮೇಲೆ. ಆದ್ದರಿಂದ ‘ಇಂಗ್ಲಿಷ್ ಕಲಿಸುತ್ತೇನೆ’ ಎನ್ನುವುದಕ್ಕಿಂತ ‘ಸಂದರ್ಶನಕ್ಕೆ ತಯಾರು ಮಾಡುತ್ತೇನೆ’ ಎಂದರೆ ಜನ ಬೇಗ ಬರುತ್ತಾರೆ. ಶುಲ್ಕವನ್ನು ಮಾತ್ರ ಮುಂಗಡವಾಗಿಯೇ ಕೇಳಿ. ದುಡ್ಡು ಕೇಳಲು ನಮ್ಮ ಮೇಷ್ಟ್ರುಗಳಿಗೆ ಸಂಕೋಚ ಜಾಸ್ತಿ.