ಬುಡ ಉಳಿಸುವ ಉದ್ಯಮ



ವಿನಿಮಯ ಕಾರ್ಯಕ್ರಮದಡಿ ದಕ್ಷಿಣ ಕೊರಿಯಾಕ್ಕೆ ಹೋಗಿಬಂದ ನನ್ನನ್ನು, ಅಲ್ಲಿ ಕಂಡದ್ದನ್ನೂ ಉಂಡದ್ದನ್ನೂ ಹೇಳಬೇಕೆಂದು ಕರೆದಿದ್ದೀರಿ. ನೋಡಿದ್ದು ಹಲವು, ಮನಸ್ಸಿನಲ್ಲಿ ನಿಂತದ್ದು ಜೊಂಜು ನಗರದ ಕೈಕಾಗದದ ಉದ್ಯಮ.

ಆ ಕಾಗದಕ್ಕೆ ‘ಹಾಂಜಿ’ ಎಂದು ಹೆಸರು. ಹಿಪ್ಪುನೇರಳೆಯ ಬಳಗದ ‘ದಾಕ್’ ಎಂಬ ಗಿಡದ ಒಳತೊಗಟೆಯೇ ಅದರ ಮೂಲ. ಎಲೆ ಉದುರಿದ ಚಳಿಗಾಲದಲ್ಲಿ ಆ ವರ್ಷದ ಕೊಂಬೆಗಳನ್ನಷ್ಟೇ ಕಡಿಯುತ್ತಾರೆ. ಬುಡ ಉಳಿಯುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ತೊಗಟೆಯನ್ನು ಬೂದಿಯ ತಿಳಿನೀರಿನಲ್ಲಿ ಬೇಯಿಸಿ, ತೊಳೆದು, ಬಡಿದು ನಾರು ಮಾಡಿ ನೀರಿನ ತೊಟ್ಟಿಗೆ ಹಾಕುತ್ತಾರೆ. ಬೆಂಡೆಯ ಬಳಗದ ಗಿಡವೊಂದರ ಬೇರಿನ ಲೋಳೆ ಬೆರೆಸಿ, ಬಿದಿರಿನ ಜಾಲರಿಯಿಂದ ಹಾಳೆ ಎತ್ತುತ್ತಾರೆ. ಈಗ ಅನೇಕರು ಬೂದಿಯ ಬದಲು ಕಾಸ್ಟಿಕ್ ಸೋಡಾ ಬಳಸುತ್ತಾರೆಂಬುದೂ ನಿಜ.

ಮಧ್ಯಾಹ್ನ ಆ ಊರಿನ ಪ್ರಸಿದ್ಧ ಊಟ ‘ಬಿಬಿಂಬಾಪ್’. ಅನ್ನದ ಮೇಲೆ ಮೊಳಕೆಕಾಳು, ಸೊಪ್ಪು ಹಾಗೂ ಬೆಟ್ಟದ ಜರಿಗಿಡದ ಎಳೆಯ ಸುರುಳಿ. ಕಲಸಲು ಹುದುಗಿಸಿದ ಮೆಣಸಿನ ಗೊಜ್ಜು. ಆ ಸುರುಳಿಯನ್ನು ಬೇಯಿಸಿ, ನೆನೆಸಿ, ವಿಷ ತೆಗೆದೇ ಉಣ್ಣಬೇಕು. ನನಗೆ ನಮ್ಮ ಕಳಲೆ ನೆನಪಾಯಿತು. ಅದರೊಡನೆ ನಮ್ಮದೇ ಕಾಗದದ ಕಥೆಯೂ.

1958ರಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕಾಗದದ ಕಾರ್ಖಾನೆಗೆ ಕೊಡಲಾಯಿತು. ಕ್ರಮೇಣ ಮೆಳೆಗಳು ಬರಿದಾದವು. ಒಳ್ಳೆಯದೆಂದು ಬಗೆದು ಮೆಳೆಯ ಬುಡದ ಮುಳ್ಳುಹೊದಿಕೆಯನ್ನು ಸವರುತ್ತಿದ್ದರು. ಮುಳ್ಳು ಹೋದರೆ ಕಳಲೆ ದನಕರುಗಳ ಪಾಲಾಗುತ್ತದೆಂದು ಹಳ್ಳಿಗರು ಹೇಳಿದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಯನವೂ ಅದನ್ನೇ ದೃಢಪಡಿಸಿತು. ಕಾಡು ಬಲ್ಲವರ ಮಾತನ್ನು ಮೊದಲೇ ಕೇಳಿದ್ದರೆ?

ಕೊರಿಯಾದ ಉದ್ಯಮವೆಲ್ಲ ನಿರ್ಮಲವೆಂದು ನಾನು ಹೇಳಲಾರೆ. 1991ರಲ್ಲಿ ಗುಮಿ ಪಟ್ಟಣದ ಕಾರ್ಖಾನೆಯೊಂದರಿಂದ ಫೀನಾಲ್ ಸೋರಿ ನಕ್‌ದೊಂಗ್ ನದಿಗೆ ಸೇರಿತು. ದೇಗು ನಗರದ ಕುಡಿಯುವ ನೀರು ಕೆಟ್ಟಿತು. ಜನ ಬೀದಿಗಿಳಿದರು.

ಆದ್ದರಿಂದ ಮಿತ್ರರೇ, ಮಲೆನಾಡಿಗೆ ಉದ್ಯಮ ಬೇಡವೆನ್ನುವವನು ನಾನಲ್ಲ. ನಮ್ಮ ಮಕ್ಕಳಿಗೆ ಊರಿನಲ್ಲೇ ದುಡಿಮೆ ಬೇಕು. ಆದರೆ ಬಂದವರನ್ನು ಮೂರು ಪ್ರಶ್ನೆ ಕೇಳೋಣ: ಬುಡ ಉಳಿಸಿ ಕಡಿಯುವಿರಾ? ತೊಳೆದ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಕಾಡು ಬಲ್ಲವರ ಮಾತಿಗೆ ಬೆಲೆಯುಂಟೇ? ಉತ್ತರ ದೊರೆತ ಮೇಲೆಯೇ ಸಹಿ ಹಾಕೋಣ.