ಅರ್ಜಿಯಲ್ಲಿ ಖಾಲಿ ಉಳಿದ ವರ್ಷಗಳು

(ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಬಂದರೆ ಬೀಜೋಪಚಾರದ ಮಾತು, ಇಲ್ಲವೆ ಗೊಬ್ಬರದ ಗುಂಡಿಯ ಮಾತು ಎಂದು ನೀವು ಎಣಿಸುವುದು ಸಹಜ. ಈ ಹೊತ್ತು ಅವೆರಡನ್ನೂ ಬದಿಗಿಟ್ಟು ಬೇರೊಂದು ವಿಷಯವನ್ನು ಹೇಳಬೇಕೆಂದಿದ್ದೇನೆ. ಕಳೆದ ತಿಂಗಳಲ್ಲಿ ಮೂವರು ಹುಡುಗರು ನೌಕರಿಯ ಅರ್ಜಿ ಹಿಡಿದು ನನ್ನ ಬಳಿಗೆ ಬಂದಿದ್ದರು. ಮೂವರ ಕಷ್ಟವೂ ಒಂದೇ. ಅರ್ಜಿಯಲ್ಲಿ ಓದಿದ ವರ್ಷಗಳಿವೆ, ಕೆಲಸ ಮಾಡಿದ ವರ್ಷಗಳಿವೆ, ನಡುವೆ ಒಂದೆರಡು ವರ್ಷ ಖಾಲಿ. ಆ ಖಾಲಿಗೆ ಏನು ಬರೆಯುವುದು?

ಆ ಹುಡುಗರಲ್ಲಿ ಒಬ್ಬನು ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ಕೆಲಸಮಾಡುತ್ತಿದ್ದವನು. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣ ದೇಶವೆಲ್ಲ ಬಾಗಿಲು ಹಾಕಿದಾಗ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ. ಕಾರ್ಖಾನೆ ಮತ್ತೆ ತೆರೆಯಿತು; ಆದರೆ ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು, ಇವನು ಹಿಂದಕ್ಕೆ ಹೋಗಲಿಲ್ಲ. ಎರಡು ವರ್ಷ ರಾಗಿ ಬೆಳೆದ, ಎರಡು ಹಸು ಕಟ್ಟಿದ. ಆಮೇಲೆ ಅರ್ಜಿ ಬರೆಸಲು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದರೆ ಅಲ್ಲಿಯವರು, “ಹೊಲದ ಮಾತೆಲ್ಲ ಯಾಕಯ್ಯಾ, ಯಾವುದಾದರೂ ಕಂಪನಿಯ ಹೆಸರಿನಲ್ಲಿ ಅನುಭವ ಪತ್ರ ಮಾಡಿಕೊಡುತ್ತೇವೆ” ಎಂದರಂತೆ. ಇವನೂ ಒಪ್ಪಿದ.

ಇದರಿಂದ ಆದದ್ದೇನು? ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಭವಿಷ್ಯನಿಧಿಯ ಕಾನೂನು ಅನ್ವಯಿಸುತ್ತದೆ. 2014ರಿಂದ ಪ್ರತಿ ನೌಕರನಿಗೂ ಹನ್ನೆರಡು ಅಂಕಿಗಳ ಒಂದೇ ಸಂಖ್ಯೆ. ಎಷ್ಟು ಕಡೆ ಕೆಲಸ ಬದಲಿಸಿದರೂ ಅದು ಬದಲಾಗದು. ಯಾವ ದಿನ ಎಲ್ಲಿ ಸೇರಿದ, ಯಾವ ದಿನ ಬಿಟ್ಟ ಎಂಬುದು ಆ ಲೆಕ್ಕದಲ್ಲಿ ಕೂತಿರುತ್ತದೆ. ಹೊಸ ಕಾರ್ಖಾನೆಯವರು ಅದನ್ನು ತೋರಿಸೆಂದರು. ಅರ್ಜಿ ಒಂದು ಹೇಳಿತು, ಲೆಕ್ಕ ಇನ್ನೊಂದು ಹೇಳಿತು. ಹುಡುಗನ ಕೈಗೆಲಸ ಚೆನ್ನಾಗಿದ್ದರೂ ಅವರು ಬೇಡವೆಂದರು. ಎರಡು ವರ್ಷ ತಾಯಿಯನ್ನು ನೋಡಿಕೊಂಡವನು ಸುಳ್ಳುಗಾರನೆನಿಸಿಕೊಂಡು ಮನೆಗೆ ಬಂದ.

ನಾನು ಅವನನ್ನು ಬಯ್ಯಲಿಲ್ಲ. ಏಕೆಂದರೆ ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದವನು, ಬಿದ್ದ ಬಗೆ ಬೇರೆ.

2016ರಲ್ಲಿ ಕೃಷಿ ಡಿಪ್ಲೊಮಾ ಮುಗಿಸಿ ಬಂದ ತಿಂಗಳಿನಲ್ಲೇ ನಮ್ಮ ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಎರಡು ವರ್ಷ ನಾನು ಮನೆ ಬಿಟ್ಟು ಕದಲಲಿಲ್ಲ. ಎರಡೆಕರೆಗೆ ಜಿ.ಪಿ.ಯು.-28 ರಾಗಿ ಹಾಕಿದೆ, ಎರಚುವುದನ್ನು ಬಿಟ್ಟು ಸಾಲು ಹಿಡಿದು ಬಿತ್ತಿದೆ. 2018ರಲ್ಲಿ ಒಂದು ಬೀಜದ ವ್ಯಾಪಾರದವರ ಸಂದರ್ಶನಕ್ಕೆ ಹೋದೆ. ಮೇಜಿನಾಚೆಗಿದ್ದವರು, “ಈ ಎರಡು ವರ್ಷ ಏನು ಮಾಡುತ್ತಿದ್ದೆ?” ಎಂದು ಕೇಳಿದರು. “ಏನಿಲ್ಲ ಸಾರ್, ಸುಮ್ಮನೆ ಮನೆಯಲ್ಲಿದ್ದೆ” ಎಂದೆ. ಬೀಜ ಮಾರುವವರ ಮುಂದೆ ಬೀಜ ಬಿತ್ತಿದ್ದನ್ನು ಮುಚ್ಚಿಟ್ಟ ಜಾಣ ನಾನು! ಕೆಲಸ ಸಿಗಲಿಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ತಂದೆಯವರು ಗೋಡೆಯ ಕಡೆ ತಿರುಗಿ, “ನಿನ್ನ ಎರಡು ವರ್ಷ ನಾನು ತಿಂದುಬಿಟ್ಟೆ” ಎಂದರು. ನಾನು ಸುಮ್ಮನಿದ್ದೆನೆಂದು ಹೇಳಿದ್ದು ಅವರ ಕಿವಿಗೆ ಹಾಗೆ ಕೇಳಿಸಿತ್ತು.

ಮರುವರ್ಷ ಇನ್ನೊಂದು ಕಡೆಗೆ ಹೋಗುವಾಗ ನನ್ನ ಬೇಸಾಯದ ಲೆಕ್ಕದ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೆ. ಅದೇ ಪ್ರಶ್ನೆ ಬಂತು. ತಂದೆಯ ಸೊಂಟ ಮುರಿದಿತ್ತು, ಜಮೀನು ನಾನೇ ನೋಡಿದೆ, ಬಿತ್ತನೆಯಿಂದ ಒಕ್ಕಣೆಯವರೆಗಿನ ಖರ್ಚು ಇಲ್ಲಿದೆ ಎಂದು ಪುಸ್ತಕ ಮುಂದಿಟ್ಟೆ. ಆಮೇಲಿನ ಕಾಲು ಗಂಟೆ ಅವರು ಕೇಳಿದ್ದೆಲ್ಲ ರಾಗಿಯ ವಿಚಾರವೇ. ಕೆಲಸವೂ ಸಿಕ್ಕಿತು.

ಈಗ ಕೆಲಸ ಕೊಡುವವನ ಜಾಗದಲ್ಲಿ ನಿಂತು ನೋಡಿ. ನೀವು ಎತ್ತು ಕೊಳ್ಳುವಾಗ ಒಂದು ವರ್ಷ ನೊಗಕ್ಕೆ ಕಟ್ಟಿಲ್ಲವೆಂದರೆ ಏಕೆಂದು ಕೇಳುವುದಿಲ್ಲವೆ? ಕೇಳುವುದು ತಪ್ಪಲ್ಲ. ಅವನ ಮನಸ್ಸಿನಲ್ಲಿ ಇರುವುದು ಎರಡು ಸಂಶಯ. ಕಲಿತದ್ದು ಮರೆತಿದ್ದಾನೋ ಎಂಬುದೊಂದು. ಎರಡನೆಯದೇ ದೊಡ್ಡದು: ಹಳ್ಳಿಯ ಹುಡುಗ, ನಾಳೆ ಬಿತ್ತನೆಗೋ ಕೊಯ್ಲಿಗೋ ಮತ್ತೆ ಊರಿಗೆ ಓಡಿಹೋಗುತ್ತಾನೋ? ಆದ್ದರಿಂದ ಊರಿನಲ್ಲಿ ಏಕೆ ಇದ್ದೆನೆಂದು ಹೇಳಿದರೆ ಅರ್ಧ ಉತ್ತರ ಮಾತ್ರ. ಈಗ ಜಮೀನನ್ನು ಯಾರು ನೋಡುತ್ತಿದ್ದಾರೆ, ತಾಯಿಯ ಬಳಿ ಯಾರಿದ್ದಾರೆ ಎಂಬುದನ್ನೂ ಅವರು ಕೇಳುವ ಮೊದಲೇ ಹೇಳಬೇಕು. ಇದನ್ನು ಮನೆಯವರು ಕೂತು ಮೊದಲೇ ತೀರ್ಮಾನಿಸದಿದ್ದರೆ ಹುಡುಗ ತಾನೇ ಏನು ಹೇಳಿಯಾನು?

ಅರ್ಜಿಯಲ್ಲಿ ಉದ್ದ ಬರೆಯಬೇಕಿಲ್ಲ. ಲೇತ್ ಹುಡುಗನಿಗೆ ನಾನು ಬರೆದುಕೊಟ್ಟದ್ದು ಇಷ್ಟು: “2020ರ ಏಪ್ರಿಲ್‌ನಿಂದ 2022ರ ಜೂನ್‌ವರೆಗೆ ತಾಯಿಯವರ ಅನಾರೋಗ್ಯದ ನಿಮಿತ್ತ ಸ್ವಗ್ರಾಮದಲ್ಲಿ ವಾಸ, ಮೂರು ಎಕರೆ ವ್ಯವಸಾಯ ಮತ್ತು ಹೈನು, ಪಂಪ್‌ಸೆಟ್ ದುರಸ್ತಿ.” ಪಂಪ್‌ಸೆಟ್ಟಿನ ಮಾತು ಅವನ ಬಾಯಿಂದ ಬರಬೇಕಾದರೆ ಅರ್ಧ ಗಂಟೆ ಹಿಡಿಯಿತು. ಊರಿನ ನಾಲ್ಕಾರು ಮೋಟಾರು ಬಿಚ್ಚಿ ಕಟ್ಟಿದ್ದನಂತೆ, ಅದನ್ನು ಕೆಲಸವೆಂದೇ ಅವನು ಎಣಿಸಿರಲಿಲ್ಲ! ಕಾರ್ಖಾನೆಯವರಿಗೆ ಅದಕ್ಕಿಂತ ಬೇಕಾದ ಮಾತು ಇನ್ನಾವುದು? ಕಾಯಿಲೆಯ ಹೆಸರು, ಆಸ್ಪತ್ರೆಯ ಕಥೆ ಅರ್ಜಿಯಲ್ಲಿ ಬೇಡ. ಪರೀಕ್ಷೆಯಲ್ಲಿ ನಪಾಸಾಗಿ ವರ್ಷ ಹೋಗಿದ್ದರೆ, ಕೇಳಿದಾಗ ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುವುದು.

ಹೇಳಿದ್ದಕ್ಕೆ ಕಾಗದವೂ ನಮ್ಮಲ್ಲಿಯೇ ಇದೆ. ಪಹಣಿ ತಂದೆಯ ಹೆಸರಿನಲ್ಲಿದ್ದರೂ ಆ ಸಾಲಿನ ಬೆಳೆ ಅದರಲ್ಲಿ ಕಾಣುತ್ತದೆ. ಈ ಸಂಘದ ಹಾಲಿನ ಪುಸ್ತಕವಿದೆ. ಸಹಕಾರ ಸಂಘದ ಸಾಲ ತೀರಿಸಿದ ರಸೀದಿಯಿದೆ. ಹಳೆಯ ಕಾರ್ಖಾನೆಯಿಂದ ಬಿಡುಗಡೆ ಪತ್ರ ತರದೆ ಬಂದಿದ್ದರೆ ಈಗಲಾದರೂ ಹೋಗಿ ಕೇಳಿ ತರಬೇಕು.

ಹೆಣ್ಣುಮಕ್ಕಳ ವಿಚಾರ ಇನ್ನೂ ಕಠಿಣ. ಮದುವೆ, ಬಾಣಂತನ, ಮಗು ಶಾಲೆಗೆ ಹೋಗುವವರೆಗೆ ನಾಲ್ಕೈದು ವರ್ಷ ಕಳೆದುಹೋಗುತ್ತದೆ. ನಮ್ಮ ಕಡೆ ಪಿ.ಯು. ಓದಿದ ಒಬ್ಬ ಸೊಸೆ ಸ್ತ್ರೀಶಕ್ತಿ ಗುಂಪಿನ ಉಳಿತಾಯ, ಸಾಲ, ಬಡ್ಡಿಗಳ ಲೆಕ್ಕವನ್ನೆಲ್ಲ ಬರೆಯುತ್ತಾಳೆ. ಅರ್ಜಿಯಲ್ಲಿ ಮಾತ್ರ “ಗೃಹಿಣಿ” ಎಂದು ಬರೆದು ನಿಲ್ಲಿಸಿದ್ದಳು. ಗುಂಪಿನ ಲೆಕ್ಕ ಬರೆದ ವರ್ಷಗಳನ್ನು ಸೇರಿಸು ಎಂದೆ. ಅವಳ ಅತ್ತೆಗೆ ನಗು ಬಂತು. ಇಲ್ಲಿ ಕೂತಿದ್ದಾರೆ, ಈಗಲೂ ನಗುತ್ತಿದ್ದಾರೆ.

ಹಿರಿಯರಲ್ಲಿ ಒಂದು ಮನವಿ. ಯಾರಾದರೂ ವಿಚಾರಿಸಿದಾಗ “ನಮ್ಮ ಹುಡುಗ ಸುಮ್ಮನೆ ಮನೇಲಿ ಕೂತಿದ್ದಾನೆ” ಎನ್ನುತ್ತೀರಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಬಂದವನ ಎದುರಿಗೇ ಹಾಗೆನ್ನುತ್ತೀರಿ. ಅವನು ಅದನ್ನೇ ಕಲಿತು ಸಂದರ್ಶನದಲ್ಲಿ ಒಪ್ಪಿಸುತ್ತಾನೆ.

ಬರುವ ಗುರುವಾರ ಸಂಜೆ ಹಾಲು ಹಾಕಿದ ಮೇಲೆ ನಾನು ಇಲ್ಲಿಯೇ ಕೂತಿರುತ್ತೇನೆ. ಅರ್ಜಿ ಹಾಕುವವರು ಪಹಣಿ, ಹಾಲಿನ ಪುಸ್ತಕ, ಅಂಕಪಟ್ಟಿ ತರಲಿ. ಭವಿಷ್ಯನಿಧಿಯ ಸಂಖ್ಯೆ ಇದ್ದವರು ಅದನ್ನೂ ಬರೆದುಕೊಂಡು ಬರಲಿ. ಲೇತ್ ಹುಡುಗನಿಗೆ ಸೋಮವಾರ ಇನ್ನೊಂದು ಕಾರ್ಖಾನೆಯಲ್ಲಿ ಸಂದರ್ಶನವಿದೆ. ಏನಾಯಿತೆಂದು ಅವನೇ ಬಂದು ಹೇಳುತ್ತಾನೆ.