ಎರಡು ಚೆಂಡುಗಳ ನಡುವೆ

ಬಾಪೂಜಿ ನಗರದ ಅಡ್ಡರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಕ್ರಿಕೆಟ್ ಆಡುವ ಹುಡುಗರನ್ನು ನೀವು ನೋಡಿಯೇ ಇರುತ್ತೀರಿ. ನಿಲ್ಲಿಸಿದ ಸ್ಕೂಟರು, ಹಾದುಹೋಗುವ ಆಟೋ, ಮಹಡಿಯಿಂದ ಗದರುವ ಅಜ್ಜಿ, ಇವೆಲ್ಲದರ ನಡುವೆಯೂ ಅವರ ಬ್ಯಾಟು ಸಲೀಸಾಗಿ ಬೀಸುತ್ತದೆ. ಅದೇ ಹುಡುಗ ಶಾಲೆಯ ಪಂದ್ಯದಲ್ಲಿ ಅಪ್ಪ ಅಮ್ಮನ ಕಣ್ಣೆದುರು ನಿಂತಾಗ ಕೈಕಾಲು ಮರಗಟ್ಟಿದಂತಾಗುತ್ತಾನೆ. ಗೆರೆಯಾಚೆಯಿಂದ ನಾವು ಕೂಗುತ್ತೇವೆ: "ಗಮನ ಕೊಡೋ!" ಈ ಕೂಗಿನಿಂದ ಅವನಿಗೆ ನೆರವಾಗುತ್ತದೆಯೇ?

ನಮ್ಮ ಸ್ಟುಡಿಯೋದಲ್ಲೂ ಇಂಥದನ್ನು ಕಾಣುತ್ತೇನೆ. ಕಾಫಿ ಕುಡಿಯುತ್ತ ಸೊಗಸಾಗಿ ಹರಟುತ್ತಿದ್ದ ಅತಿಥಿ, ಕ್ಯಾಮೆರಾದ ಕೆಂಪು ದೀಪ ಹೊತ್ತಿದೊಡನೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಐದು ನಿಮಿಷದ ಹಿಂದೆ ಆ ಕೈಗಳ ನೆನಪೇ ಅವರಿಗಿರಲಿಲ್ಲ.

ಇದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಫುಟ್‌ಬಾಲ್ ಆಟಗಾರರಿಗೆ, ಚೆಂಡನ್ನು ಉರುಳಿಸಿಕೊಂಡು ಹೋಗುವಾಗ ಪಾದದ ಯಾವ ಬದಿ ಚೆಂಡಿಗೆ ತಾಗುತ್ತಿದೆ ಎಂಬುದನ್ನು ಗಮನಿಸುತ್ತಿರಲು ಹೇಳಲಾಯಿತು. ಅವರ ಆಟ ಕೆಟ್ಟಿತು. ಹೊಸಬರಿಗೆ ಮಾತ್ರ ಆ ಗಮನದಿಂದ ಅನುಕೂಲವೇ ಆಯಿತು. ಅಂದರೆ ಕಲಿಯುವಾಗ ಊರುಗೋಲಾಗಿದ್ದ ಗಮನ, ಕಲಿತ ಮೇಲೆ ಕಾಲಿಗೆ ತೊಡರುತ್ತದೆ. ಮಗನ ಮೊಣಕೈ ಎತ್ತರವನ್ನು ಪಂದ್ಯದ ನಡುವೆ ತಿದ್ದುವ ತಂದೆಯರು ಇದನ್ನು ದಯವಿಟ್ಟು ಗಮನಿಸಬೇಕು.

ಹಾಗಾದರೆ ಗಮನ ಎಲ್ಲಿರಬೇಕು, ಎಷ್ಟು ಹೊತ್ತು ಇರಬೇಕು? ಉತ್ತರಕ್ಕೆ ನಮ್ಮ ಊರಿನವರೇ ಆದ ರಾಹುಲ್ ದ್ರಾವಿಡ್ ಅವರ ಒಂದು ಪಂದ್ಯ ಸಾಕು. 2003ರ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯ ಮೊದಲು 556 ಓಟ ಗಳಿಸಿತು. ಭಾರತ 85ಕ್ಕೆ 4 ವಿಕೆಟ್ ಕಳೆದುಕೊಂಡಿತು. ಅಲ್ಲಿಂದ ಲಕ್ಷ್ಮಣ್ ಜೊತೆ 303 ಓಟದ ಜೊತೆಯಾಟ. ದ್ರಾವಿಡ್ ಮೊದಲ ಸರದಿಯಲ್ಲಿ 233, ಎರಡನೆಯದರಲ್ಲಿ ಔಟಾಗದೆ 72 ಗಳಿಸಿ ಪಂದ್ಯ ಗೆಲ್ಲಿಸಿಕೊಟ್ಟರು. ಎರಡೂ ಸೇರಿ ಅವರು ಕ್ರೀಸಿನಲ್ಲಿದ್ದದ್ದು 835 ನಿಮಿಷ, ಹದಿನಾಲ್ಕು ಗಂಟೆಗೆ ಐದೇ ನಿಮಿಷ ಕಡಿಮೆ. ಇಷ್ಟು ಹೊತ್ತು ಒಂದೇ ಸಮನೆ ಏಕಾಗ್ರವಾಗಿರಲು ಯಾವ ಮನುಷ್ಯನಿಂದಲೂ ಆಗದು.

ಸ್ವಲ್ಪ ಲೆಕ್ಕ ಮಾಡೋಣ. ಅವರು ಎದುರಿಸಿದ ಎಸೆತಗಳು 616. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟಿಗೆ ಬರಲು ಸುಮಾರು ಅರ್ಧ ಸೆಕೆಂಡು. ಬೌಲರ್ ಓಡಿ ಬರುವುದನ್ನೂ ಹೊಡೆತ ಮುಗಿಯುವುದನ್ನೂ ಸೇರಿಸಿ ಒಂದು ಎಸೆತಕ್ಕೆ ಆರು ಸೆಕೆಂಡು ಎಂದಿಟ್ಟುಕೊಂಡರೂ ಒಟ್ಟು ಒಂದು ಗಂಟೆಯಷ್ಟೇ ಆಯಿತು! ಉಳಿದ ಹದಿಮೂರು ಗಂಟೆ ಗಮನಕ್ಕೆ ಬಿಡುವು. ತನ್ನ ಬಾಳಿನಲ್ಲಿ 31,258 ಟೆಸ್ಟ್ ಎಸೆತಗಳನ್ನು ಎದುರಿಸಿದವರಿಗೆ ಒಗ್ಗಿದ್ದ ವಿದ್ಯೆ ಎರಡು: ಪ್ರತಿ ಚೆಂಡಿನ ನಂತರ ಮನಸ್ಸನ್ನು ಸಡಿಲ ಬಿಡುವುದು, ಮುಂದಿನದಕ್ಕೆ ಮರಳಿ ಕರೆತರುವುದು.

ಈ ಮರಳಿ ಕರೆತರುವಿಕೆಯನ್ನೇ ಈಗ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ಬೌದ್ಧರ 'ಸತಿ'ಯೇ ಇದರ ಮೂಲ. 1979ರಲ್ಲಿ ಜಾನ್ ಕಬಟ್-ಜಿನ್ ಅದನ್ನು ಅಮೆರಿಕದ ಆಸ್ಪತ್ರೆಗೆ ತಂದರು. 1990ರ ದಶಕದಲ್ಲಿ ಅದು ಶಿಕಾಗೋದ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಮುಟ್ಟಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದ್ದೀರಲ್ಲ? ಅಲ್ಲಿ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರು ಅವಧಾನಿಯ ಗಮನ ಕೆಡಿಸಲೆಂದೇ ಕುಳಿತಿರುತ್ತಾರೆ. ಅವಧಾನಿ ಅವರ ಮೇಲೆ ರೇಗುವುದಿಲ್ಲ, ಕಿವಿಯನ್ನೂ ಮುಚ್ಚಿಕೊಳ್ಳುವುದಿಲ್ಲ. ನಗುತ್ತ ಉತ್ತರ ಕೊಟ್ಟು, ಬಿಟ್ಟಿದ್ದ ಪದ್ಯದ ಪಾದಕ್ಕೆ ಮರಳುತ್ತಾರೆ. ಆಟಗಾರನ ತಲೆಯೊಳಗೂ ಅಂಥ ಒಬ್ಬ ಪ್ರಸಂಗಿ ಇದ್ದೇ ಇರುತ್ತಾನೆ.

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ಮುಂದೆ ಹೋದರೆ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡದ ಶಿಬಿರಗಳು ಅಲ್ಲಿ ನಡೆದಿವೆ. 2023ರಲ್ಲಿ ಪುರುಷರ ತಂಡಕ್ಕೆ ಮಾನಸಿಕ ತರಬೇತಿ ನೀಡಲು ಪ್ಯಾಡಿ ಆಪ್ಟನ್ ಬಂದರು. 2024ರ ಆಗಸ್ಟ್ 4ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಿ ಬ್ರಿಟನ್ನನ್ನು 1-1ಕ್ಕೆ ತಡೆದರು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಇದೆಲ್ಲ ಮನಸ್ಸಿನ ತರಬೇತಿಯ ಫಲವೆಂದರೆ ಶ್ರೀಜೇಶ್ ಅವರ ಕೈಚಳಕಕ್ಕೂ ತಂಡದ ಬೆವರಿಗೂ ಅನ್ಯಾಯವಾದೀತು. ಆದರೆ ಕೆಂಪು ಕಾರ್ಡಿನ ಬಗ್ಗೆಯೇ ಯೋಚಿಸುತ್ತಿದ್ದ ತಂಡಕ್ಕೆ ಆ ಆಟ ಸಾಧ್ಯವಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ ಒಂದಿದೆ. ಹುಡುಗನೋ ಹುಡುಗಿಯೋ ಐದು ನಿಮಿಷ ಕುಳಿತು ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಲಿ. ಎಣಿಕೆ ತಪ್ಪುತ್ತದೆ, ಖಂಡಿತ ತಪ್ಪುತ್ತದೆ. ತಪ್ಪಿತೆಂದು ತಿಳಿದ ಕ್ಷಣ ಮತ್ತೆ ಒಂದರಿಂದ ಶುರು. ಹಾಗೆ ತಿಳಿದು ಮರಳುವುದೇ ಇಲ್ಲಿನ ವ್ಯಾಯಾಮ, ಹತ್ತು ಮುಟ್ಟುವುದು ಮುಖ್ಯವಲ್ಲ. ಮೈದಾನದಲ್ಲಿ ಇದನ್ನು ಒಂದು ಸಣ್ಣ ಕ್ರಿಯೆಗೆ ಹೊಂದಿಸಬೇಕು: ಗ್ಲೌಸಿನ ಪಟ್ಟಿ ಬಿಗಿ ಮಾಡುವುದು, ಒಂದು ದೀರ್ಘ ಉಸಿರು ಬಿಡುವುದು, ಆಮೇಲೆ ಬೌಲರನ ಕೈಯಲ್ಲಿನ ಚೆಂಡನ್ನು ನೋಡುವುದು. ಕೆಲವು ತಿಂಗಳು ಬೇಕಾದೀತು. ಪಂದ್ಯದ ಹಿಂದಿನ ರಾತ್ರಿ ಶುರುಮಾಡಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಮಗು ರಾತ್ರಿಯೆಲ್ಲ ನಿದ್ದೆಗೆಟ್ಟು, ಮೈದಾನದ ಹೆಸರೆತ್ತಿದರೆ ಅಳುತ್ತಿದ್ದರೆ ಉಸಿರಾಟದ ಅಭ್ಯಾಸದಿಂದ ಅದನ್ನು ಸರಿಪಡಿಸಲು ಹೊರಡಬೇಡಿ. ಆಟಕ್ಕೆ ಕೆಲವು ದಿನ ರಜೆ ಕೊಡಿ, ಮಗುವಿನೊಂದಿಗೆ ಮಾತನಾಡಿ, ಮನೋವೈದ್ಯರನ್ನು ಕಾಣಿ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ.